ಬೂಟಿನ ಪಾಲಿನ ಪುಣ್ಯ

ಬನಹಟ್ಟಿಯ ಕಸ್ತೂರೆವ್ವನಿಗೆ ಶ್ರೀಶೈಲವೆಂದರೆ ಕ್ಷೇತ್ರವಲ್ಲ, ಮಗಳ ಮನೆ. ಈ ಸೀಮೆಯ ತಾಯಂದಿರಿಗೆಲ್ಲ ಅಲ್ಲಿಯ ಭ್ರಮರಾಂಬೆ ಮಗಳು, ಮಲ್ಲಯ್ಯ ಅಳಿಯ. ಯುಗಾದಿ ಹತ್ತಿರ ಬಂತೆಂದರೆ ಮನೆಯ ಮಗ್ಗದಲ್ಲಿ ನೇಯ್ದ ಹಸಿರು ಸೀರೆಯನ್ನು ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ನಡೆದು ಹೋಗಿ, ಮಗಳ ಉಡಿ ತುಂಬಿ ಬರಬೇಕು. ಹೋದ ವರ್ಷ ಬೀಳಗಿ ಮುಟ್ಟುವಷ್ಟರಲ್ಲಿ ಹಿಮ್ಮಡಿ ಕೈಕೊಟ್ಟಿತು. ಸೀರೆಯನ್ನು ಬೇರೆಯವರ ಕೈಯಲ್ಲಿ ಕಳಿಸಿ ಬಸ್ಸು ಹತ್ತಿ ತಿರುಗಿ ಬಂದಳು. ಯಾರೂ ಒಂದು ಮಾತು ಅನ್ನಲಿಲ್ಲ; ಅವಳೇ ತನ್ನನ್ನು ತಾನು ವರ್ಷವಿಡೀ ಬೈದುಕೊಂಡಳು. ಈ ಸಲ ಏನಾದರಾಗಲಿ, ಸೀರೆ ತನ್ನ ಕೈಯಿಂದಲೇ ಮಗಳ ಮಡಿಲಿಗೆ ಬೀಳಬೇಕು.

ಮೆತ್ತನೆಯ ಬೂಟಿಲ್ಲದೆ ಹೊಸ್ತಿಲು ದಾಟಬೇಡಿರೆಂದು ಡಾಕ್ಟರು ಹೇಳಿದ್ದೇ ತಡ, ಮುಧೋಳದಲ್ಲಿ ಪಿ.ಟಿ. ಟೀಚರಾಗಿದ್ದ ಮೊಮ್ಮಗಳು ಪ್ರೀತಿ ಒಂದು ಡಬ್ಬಿ ಹಿಡಿದು ಬಂದಳು. ಒಳಗೆ ಬೆಳ್ಳನೆಯ ಬೂಟು. ಅಟ್ಟೆ ನಾಲ್ಕು ಬೆರಳು ದಪ್ಪ.

"ಇದೇನಬೇ, ಬೂಟೋ ಗಾದಿಯೋ?"

"ಓಡೂ ಮಂದಿ ಹಾಕ್ಕೊಳ್ಳೂದು ಆಯಿ. ಹೊಸಾ ನಮೂನಿ ಫೋಮ್. ನಡುವ ಒಂದು ಪಟ್ಟಿ ಐತಿ. ನೀ ಕಾಲು ಊರಿದಿ ಅಂದ್ರ ಸಾಕು, ಅದ ನಿನ್ನ ಮುಂದಕ್ಕ ನೂಕತೈತಿ."

"ಚರ್ಮ ಏನರ ಐತೇನು?"

"ಚೂರೂ ಇಲ್ಲ."

ಕಸ್ತೂರೆವ್ವ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ತಗ್ಗಿ, ಮತ್ತೆ ಮೇಲೆದ್ದಿತು. "ನೂಕತೈತಿ ಅಂದ್ರ ನಡಿಯಾಕಿ ನಾನೋ, ಇದೋ?"

"ಇಬ್ರೂ."

"ಹಂಗಾದ್ರ ಪುಣ್ಯಾನೂ ಇಬ್ಬರಿಗೂ ಹಂಚಿ ಹೋತು!"

"ಬೂಟಿಗೆ ಪುಣ್ಯ ಯಾಕ ಬೇಕು ಆಯಿ? ಅದೇನು ಕೈಲಾಸಕ್ಕ ಹೊಂಟೈತೇನು?" ಪ್ರೀತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಸ್ತೂರೆವ್ವ ನಗಲಿಲ್ಲ. ತಾನೇ ಆಡಿದ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಹೊರಡುವ ಬೆಳಗ್ಗೆ ಗುಡಿಯ ಮುಂದೆ ಮಂದಿ ನೆರೆದಿತ್ತು. ಪಾದಯಾತ್ರೆಯ ತಂಡದ ಮುಂದಾಳು ಮಲಕಾಜಪ್ಪ, ಸಿಂಗರಿಸಿದ ದೇವರ ಕೋಲಾದ ಮಲ್ಲಯ್ಯನ ಕಂಬಿಯನ್ನು ಹೆಗಲಿಗೇರಿಸಿಕೊಂಡು ತಿರುಗಿದವನು, ಅವಳ ಕಾಲು ನೋಡಿ ನಿಂತುಬಿಟ್ಟ.

"ಅಕ್ಕಾ, ಓಟದ ಪಂದ್ಯಾಕ ಹೊಂಟಿ ಏನು? ಬರಿಗಾಲಿನ ಪದ್ಧತಿ ಮರತಿ?"

"ಮಗಳ ಮನಿಗೆ ಹೊಂಟೇನಿ ತಮ್ಮಾ. ಹಡದವ್ವ ಕುಂಟಕೋತ ಬಂದ್ರ ಮಗಳು ಸೀರಿ ಉಡತಾಳೋ, ಅಳಕೋತ ಕುಂಡರತಾಳೋ? ನೀನ ಹೇಳು."

ಹೆಂಗಸರೆಲ್ಲ ಗೊಳ್ಳೆಂದರು. ಮಲಕಾಜಪ್ಪ ಗಡ್ಡ ಕೆರೆದುಕೊಂಡ. "ಆತು. ಆದ್ರ ಕಂಬಿ ಮುಟ್ಟಬ್ಯಾಡ. ಹಿಂದ ನಡಿ." ಆಮೇಲೆ ಸುಮ್ಮನಿರಲಾರದೆ ತಾಳ ತಟ್ಟಿ ಹಾಡನ್ನೂ ಕಟ್ಟಿದ:

"ಗಾದಿಯ ಮ್ಯಾಲ ಹೊಂಟಾಳ ಅತ್ತಿ,
ಅಳಿಯಗ ಹೇಳ್ರೋ ನಗಬ್ಯಾಡಂತ!"

ಹಿಂದೆ ನಡೆಯಲು ಅವಳೇನೋ ಮನಸ್ಸು ಮಾಡಿದಳು, ಬೂಟು ಕೇಳಬೇಕಲ್ಲ! ಜಮಖಂಡಿ ದಾಟಿ ಹರಿದಾರಿಯೂ ಆಗಿರಲಿಲ್ಲ, ನೋಡಿದರೆ ಕಂಬಿಗಿಂತ ಮುಂದಿದ್ದಳು.

"ಹಿಂದ ಬಾ ಅಂದಿದ್ನಲ್ಲಕ್ಕಾ!"

"ನಾ ಅಲ್ಲೋ, ಇದು!" ಎಂದು ಕಾಲು ತೋರಿಸಿದಳು.

ಬಾಯಲ್ಲಿ ನಗೆ, ಒಳಗೆ ಮಾತ್ರ ಕಸಿವಿಸಿ. ಡಾಂಬರು ಕಾದ ಹೆಂಚಿನಂತಾಗಿತ್ತು. ಉಳಿದವರು ರಸ್ತೆಯಂಚಿನ ಹುಲ್ಲು ಹುಡುಕಿ ಹೆಜ್ಜೆ ಇಡುತ್ತಿದ್ದರೆ, ತನ್ನ ಹಿಮ್ಮಡಿ ಹತ್ತಿಯ ರಾಶಿಯ ಮೇಲೆ ನಡೆದಂತೆ ಹಾಯಾಗಿತ್ತು. ಮೊದಲೆಲ್ಲ ಒಂದೊಂದು ಹೆಜ್ಜೆಗೂ ನೋವು, ನೋವಿಗೊಮ್ಮೆ 'ಮಲ್ಲಯ್ಯಾ' ಎಂಬ ಕರೆ. ಈಗ ನೋವೂ ಇಲ್ಲ, ಕರೆಯೂ ಮರೆತು ಹೋಗುತ್ತಿತ್ತು. ಇದೆಂಥ ಸೇವೆ? ಬಿಚ್ಚಿಬಿಡಲೇ ಎಂದು ಎರಡು ಸಲ ಬಗ್ಗಿದಳು. ತಲೆಯ ಮೇಲಿನ ಸೀರೆಯ ಗಂಟು ಜಾರಿತು. ಅದನ್ನು ಹಿಡಿದುಕೊಂಡು ಮತ್ತೆ ನಡೆದಳು.

ಮರುದಿನ ಸಂಜೆಗೆ ಬೀಳಗಿಯ ಹೊರಗಿನ ಬೇವಿನ ಮರದ ನೆರಳಿಗೆ ಎಲ್ಲರಿಗಿಂತ ಮೊದಲು ಬಂದಳು. ಎದುರಿಗೇ ಹೋದ ವರ್ಷ ಬಸ್ಸು ಹತ್ತಿದ ನಿಲ್ದಾಣ. ಕಾಲಲ್ಲಿ ಇನ್ನೂ ಕಸುವು ಉಳಿದಿತ್ತು. ಆ ಉಳಿದ ಕಸುವನ್ನು ನೋಡುತ್ತ ಕೂತವಳಿಗೆ, ಮೊಮ್ಮಗಳ ಮುಂದೆ ತಾನೇ ಆಡಿದ ಮಾತಿಗೆ ಉತ್ತರ ಸಿಕ್ಕಂತಾಯಿತು. ಎದ್ದು ಬೂಟು ಬಿಚ್ಚಿಟ್ಟಳು. ಮೂರು ಕಲ್ಲು ಹೂಡಿ ನೀರು ಕಾಯಿಸಿದಳು. ಒಬ್ಬೊಬ್ಬರೇ ಕುಂಟುತ್ತ ಬಂದಂತೆ ಕೂರಿಸಿ, ಕಾಲು ತೊಳೆದು, ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕಿದಳು.

ಕೊನೆಗೆ ಬಂದವನು ಮಲಕಾಜಪ್ಪ. ಕಂಬಿಯನ್ನು ಮರಕ್ಕೆ ಆನಿಸಿ ಕುಸಿದು ಕೂತ. ಅಂಗಾಲಲ್ಲಿ ಬೊಬ್ಬೆಗಳೆದ್ದಿದ್ದವು. ಕಸ್ತೂರೆವ್ವ ಕೈ ಚಾಚುತ್ತಲೇ ಕಾಲು ಹಿಂದೆಳೆದುಕೊಂಡ.

"ಬ್ಯಾಡಕ್ಕಾ! ಹಿರ್ಯಾಕಿ ನೀ. ನನ್ನ ಕಾಲು ಮುಟ್ಟತಿ?"

"ಸುಮ್ನ ಕೊಡೋ. ಮುಟ್ಟಾಕತ್ತಾಕಿ ನಾ ಅಲ್ಲ, ಆ ಬೂಟು."

"ಏನಂದಿ?"

"ನನ್ನ ಕಾಲಾಗಿನ ಕಸುವು ಅದು ಉಳಿಸಿದ್ದು. ಅದನ್ನ ನಾ ಗಂಟು ಕಟಗೊಂಡು ಕುಂತ್ರ ಕಳವು ಆಗತೈತಿ. ಅದರ ಪಾಲಿನ ಪುಣ್ಯ ಅದೂ ದುಡೀಲಿ."

ಮಲಕಾಜಪ್ಪ ಅವಳನ್ನು ನೋಡಿದ, ಬೂಟು ನೋಡಿದ, ಮೆಲ್ಲಗೆ ಕಾಲು ಮುಂದಕ್ಕೆ ಚಾಚಿದ. ಎಣ್ಣೆ ಇಳಿದಂತೆ ಅವನ ಕಣ್ಣು ಮುಚ್ಚಿದವು. "ಇಬ್ಬರ ಪುಣ್ಯಾನೂ ದೊಡ್ಡದು ಬಿಡವ್ವಾ," ಎಂದ. ಅವಳು ತಿಕ್ಕುವ ಲಯಕ್ಕೆ 'ಮಲ್ಲಯ್ಯಾ, ಮಲ್ಲಯ್ಯಾ' ಎಂಬ ಕರೆ ತಾನಾಗಿ ಅವಳ ಬಾಯಿಗೆ ಬಂತು.

ಬೆಳಗ್ಗೆ ಅವನೇ ಹೇಳಿದ, "ಅಕ್ಕಾ, ಮುಂದ ನಡಿ. ನೀ ಮೊದಲು ಮುಟ್ಟಿದ್ರ ನಮಗ ಬಿಸಿನೀರು!" ಕಂಬಿ ಎದ್ದಿತು, ಹಾಡೂ ಎದ್ದಿತು:

"ಗಾದಿಯ ಮ್ಯಾಲ ಬರತಾಳ ಅತ್ತಿ,
ಅಳಿಯಗ ಹೇಳ್ರೋ ಬಾಗಿಲ ತಗಿಯಂತ!"

ನಿಲ್ದಾಣದಲ್ಲಿ ಬಸ್ಸೊಂದು ಹಾರ್ನು ಹೊಡೆಯಿತು. ಕಸ್ತೂರೆವ್ವ ಅತ್ತ ತಿರುಗಲೂ ಇಲ್ಲ. ತಲೆಯ ಮೇಲಿನ ಹಸಿರು ಸೀರೆಯನ್ನು ಒಂದು ಕೈಯಿಂದ ಹಿಡಿದು, ಬಗ್ಗಿ ಕಾಲಿನ ಬೂಟಿಗೆ ಗದರಿದಳು:

"ತಡಿಯೋ, ಹಂಗ್ಯಾಕ ನೂಕತಿ? ನಿನಗಿಂತ ನನಗ ಗಡಿಬಿಡಿ ಐತಿ!"