ಪಾತೇಲಿಯೊಳಗಿನ ಪೆನ್ಸಿಲ್ ಕಡ್ಡಿ

ಭಾಗ್ಯಶ್ರೀ ಎರಡನೆಯ ರೊಟ್ಟಿಯನ್ನು ಹಂಚಿಗೆ ಹಾಕಿದ್ದಳಷ್ಟೇ, ಕಟ್ಟೆಗೆ ಗಲ್ಲ ಊರಿ ನಿಂತಿದ್ದ ಮಗಳು ಸ್ನೇಹಲ್ ಕೂಗಿದಳು.

"ಅವ್ವಾ, ನಿನ್ನ ಕಡ್ಡಿ ಇನ್ನೂ ಮಲಗೇತಿ! ರಾತ್ರಿ ಆರು ಪಾಯಿಂಟ್ ಆರು ಇತ್ತು, ಈಗೂ ಅಷ್ಟ ಐತಿ."

ಭಾಗ್ಯಶ್ರೀ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಹಾಲಿನ ಪಾತೇಲಿಯ ದಪ್ಪ ಕೆನೆಯನ್ನು ತೂರಿಕೊಂಡು ಒಂದು ಪೆನ್ಸಿಲ್ ಕಡ್ಡಿ, ಪಕ್ಕದಲ್ಲೊಂದು ಬೆಳ್ಳಿ ತಂತಿ; ಎರಡೂ ಹುಳಿ ಅಳೆದು ತೋರಿಸುವ ಮೊಬೈಲಿಗೆ ಜೋಡಿಸಿದ್ದವು. ಕಡ್ಡಿಯ ಇಂಗಾಲಕ್ಕೆ ಅವಳೇ ಪ್ರಯೋಗಾಲಯದಲ್ಲಿ ಹಸಿರು ಲೇಪ ಕೊಟ್ಟಿದ್ದಳು. ಹಾಲು ಮೊಸರಾಗಿ ಹುಳಿಯೇರಿದಂತೆಲ್ಲ ಮೊಬೈಲಿನ ಅಂಕಿ ಇಳಿಯುತ್ತ ಹೋಗಬೇಕು. ಆ ಇಳಿಜಾರನ್ನೇ ಇವತ್ತು ಪಿಎಚ್‌ಡಿ ಗೈಡ್ ಸರ್‌ಗೆ ತೋರಿಸಬೇಕಿತ್ತು. ಹಿಂದಿನ ಕಡ್ಡಿಗಳೆಲ್ಲ ನಡುರಾತ್ರಿಗೇ ಕೈಕೊಟ್ಟಿದ್ದವು. ಇದೂ ಸತ್ತಿದ್ದರೆ ಮತ್ತೆ ಮೊದಲಿನಿಂದ ಶುರು.

ದಿನಾ ಮೊಸರಿಗಿಡುವುದು ಅತ್ತೆ ಬಾಳವ್ವನ ಕೆಲಸ. ನಿನ್ನೆ ಮಾತ್ರ ಭಾಗ್ಯಶ್ರೀ, "ಇವತ್ತ ಪಾತೇಲಿ ಯಾರೂ ಮುಟ್ಟಬ್ಯಾಡ್ರಿ" ಎಂದು ತಾನೇ ಇಸಿದುಕೊಂಡಿದ್ದಳು. ತಂತಿ ಜೋಡಿಸುವಾಗ ಏನೋ ಕೇಳಲು ಬಂದ ಸ್ನೇಹಲ್‌ಗೂ, "ಮುಂಜಾನಿ ಕೇಳು, ಬಂಗಾರಾ" ಎಂದಿದ್ದಳು.

"ರೊಟ್ಟಿ ಹೊತ್ತಿತ್ತ ನೋಡವಾ," ಎಂದಳು ಬಾಳವ್ವ. "ಇರ್ಲಿ, ಅದೂ ಇಂಗಾಲನ. ಅದರಾಗ ಇನ್ನೊಂದು ಕಡ್ಡಿ ಮಾಡು."

ಭಾಗ್ಯಶ್ರೀಗೆ ನಗು ಬರಲಿಲ್ಲ. ಒಲೆ ಆರಿಸಿ, ಕಡ್ಡಿ ತಂತಿ ಎರಡನ್ನೂ ತೊಳೆದು ನಿಂಬೆರಸಕ್ಕಿಟ್ಟಳು. ಅಂಕಿ ಸರ್ರನೆ ಎರಡರ ಹತ್ತಿರ ಇಳಿಯಿತು. ಸೋಡಾ ನೀರಿಗಿಟ್ಟಳು, ಎಂಟು ದಾಟಿತು. ಮತ್ತೆ ತೊಳೆದು ಪಾತೇಲಿಗೆ ಇಳಿಬಿಟ್ಟರೆ, ಅದೇ ಆರು ಪಾಯಿಂಟ್ ಆರು.

"ಕಡ್ಡಿ ಜೀವಂತ ಐತ್ರಿ ಅತ್ತಿಯಾರ. ಮತ್ತ ಹಿಂಗ್ಯಾಕ?"

"ನಿಂಬಿಹಣ್ಣು ಹುಳಿ ಅಂತೈತಿ, ನಮ್ಮ ಮನಿ ಮೊಸರಿಗಿ ಮಾತ್ರ ಹುಳಿ ಅನ್ನಂಗಿಲ್ಲ. ಶಾಣ್ಯಾ ಕಡ್ಡಿ ಬಿಡು, ಅತ್ತಿ ಮನಿ ಮಾನ ಕಾಯತೈತಿ!"

ಭಾಗ್ಯಶ್ರೀ ತಂತಿಯ ಬೆಸುಗೆ ನೋಡಿದಳು, ಮೊಬೈಲನ್ನು ಆರಿಸಿ ಹಚ್ಚಿದಳು. ಲೇಪವನ್ನೇ ಕೆರೆದುಬಿಡಲೇ ಎಂದು ಚಾಕುವಿಗೆ ಕೈ ಹಾಕಿದಾಗ ಯಾರೋ ಸೆರಗು ಜಗ್ಗಿದರು.

"ಅವ್ವಾ, ಮುಂಜಾನಿ ಆತಲಾ. ಈಗ ಕೇಳ್ಲೇನ?"

ಚಾಕು ಕೆಳಗಿಟ್ಟು ಅವಳು ಮಗಳ ಎದುರು ಕುಕ್ಕರಿಸಿದಳು. ಒದ್ದೆ ಬೆರಳಿನಿಂದಲೇ ಅವಳ ಹಣೆಯ ಕೂದಲು ಸರಿಸಿದಳು.

"ಕೇಳವಾ."

"ನಿನ್ನೆ ಹಾಲಿಗಿ ಹೆಪ್ಪು ಯಾರು ಹಾಕಿದ್ರು?"