ಸೂಜಿಗೆ ಮುಂಚಿನ ಗುಳಿಗೆ

ಗುತ್ತೆಪ್ಪನ ಗಾಯ ಮತ್ತೆ ಒಸರತೊಡಗಿತ್ತು. ಶೇಖವ್ವ ಹಳೆಯ ಸೀರೆಯ ಚೂರಿನಿಂದ ಕೀವು ಒರೆಸಿದಳು.

ಅಕ್ಕಿಆಲೂರಿನ ಮಿಲ್ಲಿನಲ್ಲಿ ಚೀಲ ಹೊತ್ತು ಹಲಗೆ ಏರುವಾಗ ಬಿದ್ದು ಗಂಡನ ಚಪ್ಪೆಯ, ತೊಡೆ ಸೊಂಟಕ್ಕೆ ಕೂಡುವ ಕೀಲು ಮುರಿದಿತ್ತು. ಹುಬ್ಬಳ್ಳಿಯಲ್ಲಿ ಡಾಕ್ಟರರು ಅದರ ಜಾಗಕ್ಕೆ ಉಕ್ಕಿನ ಗುಂಡು ಕೂಡಿಸಿದ್ದರು. ಅದೇ ವರ್ಷ ಮಿಲ್ಲಿನ ಮಾಲೀಕ ಪ್ರಹ್ಲಾದರಾಯರ ತಾಯಿ ಗಂಗಾಬಾಯಿಯೂ ಬಚ್ಚಲಲ್ಲಿ ಜಾರಿ ಬಿದ್ದು, ಅದೇ ಡಾಕ್ಟರರಿಂದ ಅಂಥದೇ ಗುಂಡು ಹಾಕಿಸಿಕೊಂಡಿದ್ದರು. ಅವರ ಗಾಯವೂ ಕೀವಾಗಿತ್ತು.

ಈಗ ಅವರು ತುಳಸಿಕಟ್ಟೆ ಸುತ್ತುತ್ತಾರೆ. ಪಕ್ಕದ ಕಣದಲ್ಲಿ, ಕುದಿಸಿ ಹರವಿದ ಭತ್ತವನ್ನು ಕಾಲಿನಿಂದ ತಿರುವುತ್ತ ಶೇಖವ್ವ ನೋಡುತ್ತಾಳೆ. ಗಂಗಾಬಾಯಿಯ ಆ ಕಾಲಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚು. ಮುದುಕಿ ಎಡವಲಿ ಎಂದು ಬೇಡಿಕೊಂಡದ್ದೂ ಉಂಟು.

"ಆಕಿಗೂ ಕೀವು, ನಿನಗೂ ಕೀವು. ಆಕಿ ಹೆಂಗ ನೆಟ್ಟಗಾದ್ಲು?" ಎಂದು ಶೇಖವ್ವ ಮನೆಯಲ್ಲಿ ಗಂಡನನ್ನು ಕೇಳಿದಳು.

ಗುತ್ತೆಪ್ಪ ನಕ್ಕ. "ಆಕಿ ಗುಂಡು ತುಪ್ಪಾ ತಿಂದೈತಿ, ನಂದು ನುಚ್ಚು."

ಗುತ್ತೆಪ್ಪನಿಗೂ ಸೂಜಿ ಹಾಕಿ, ಕೀಲಿನ ನೀರು ತೆಗೆದು ಪರೀಕ್ಷಿಸಿದ್ದರು. ಏನೂ ಸಿಕ್ಕಿರಲಿಲ್ಲ. "ಕ್ರಿಮಿ ಇಲ್ಲಂತ ಡಾಕ್ಟರ್ ಹೇಳ್ಯಾರ. ಇನ್ನ ಮಿಲ್ಲಿನ ಹೊಣಿ ಮುಗೀತು," ಎಂದಿದ್ದರು ರಾಯರು.

ಮರುದಿನ ಕಣದ ಬಳಿ ಗಂಗಾಬಾಯಿಯೇ ಕೇಳಿದರು: "ಶೇಖವ್ವಾ, ಹಂಗ್ಯಾಕ ದುರುಗುಟ್ಟಿ ನೋಡ್ತಿ?"

"ನಿಮ್ಮ ಕಾಲು ನೋಡಾಕತ್ತೇನ್ರಿ ಅವ್ವಾರ. ಹೊಟ್ಟಿ ಉರಿತೈತ್ರಿ."

"ಸುಮ್ನ ಬಂತೇನ ಇದು? ಸೂಜಿ ಹಾಕೂ ಮುಂಚೆ ಎರಡು ವಾರ ಕೀವಿನ ಒಂದೂ ಗುಳಿಗಿ ನುಂಗಲಿಕ್ಕೆ ಬಿಡಲಿಲ್ಲ. ನುಂಗಿದ್ರ ಕ್ರಿಮಿ ಅಡಗಿ ಕೂಡ್ತಾವ, ಪರೀಕ್ಷಾದಾಗ ಸಿಗೂದಿಲ್ಲಂತ ಡಾಕ್ಟರ್ ಪ್ರಹ್ಲಾದಗ ಖಡಕ್ ಹೇಳಿದ್ರು. ಸಿಕ್ಕಮ್ಯಾಲೆ ಗುಂಡು ತಗದು, ಒಳಗೆಲ್ಲಾ ತೊಳದು, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟು ಹೊಸಾದು ಹಾಕಿದ್ರು."

ಶೇಖವ್ವನ ಕಾಲು ನಿಂತಿತು.

ಅದಾದ ಮೇಲೆಯೇ ಗುತ್ತೆಪ್ಪನ ಪರೀಕ್ಷೆ ನಡೆದದ್ದು. ಆ ದಿನದವರೆಗೂ ಅವನಿಗೆ ಕೀವಿನ ಗುಳಿಗೆ ಕಳಿಸಿದವರು ಇದೇ ರಾಯರು. ಗುಮಾಸ್ತ ದಿನಾ ಬಂದು ಎದುರೇ ನುಂಗಿಸಿ ಹೋಗುತ್ತಿದ್ದ. ಶೇಖವ್ವ ರಾಯರದು ದೊಡ್ಡ ಮನಸ್ಸೆಂದು ಕೈ ಮುಗಿದಿದ್ದಳು. ಮಿಕ್ಕ ಗುಳಿಗೆಗಳನ್ನು ಗುತ್ತೆಪ್ಪ ಈಗಲೂ ನುಂಗುತ್ತಿದ್ದ.

ಅವಳು ಜೊತೆಯ ಹೆಂಗಸರಿಗೆ ಎಲ್ಲ ಹೇಳಿದಳು. ಮೊದಲು ಹುಸೇನಬಿ ತಿರುವುವುದನ್ನು ನಿಲ್ಲಿಸಿದಳು, ಆಮೇಲೆ ಶಾರವ್ವ, ಆಮೇಲೆ ಎಲ್ಲರೂ. ತಿರುವದ ಭತ್ತ ಹುಳಿ ನಾರತೊಡಗಿತು. ರಾಯರು ಓಡಿ ಬಂದರು.

"ಏನಿದು? ಮಾಲು ಕೆಡ್ತದ!"

"ಕೆಡ್ಲಿ ಬಿಡ್ರಿ ಸಾವ್ಕಾರ್ರ. ಇವತ್ತಿಂದ ಗುಳಿಗಿ ಬಂದ್. ಎರಡು ವಾರ ಬಿಟ್ಟು ಮತ್ತ ಸೂಜಿ ಹಾಕಸ್ರಿ. ಅವ್ವಾರ್ನ ಒಯ್ದ ಕಾರಿನಾಗ ನನ್ನ ಗಂಡನ್ನೂ ಒಯ್ರಿ."

"ಡಾಕ್ಟರ್ ವಿದ್ಯಾ ನಿನಗೇನು ತಿಳೀತದ?"

"ಏನೂ ತಿಳಿಯೂದಿಲ್ರಿ. ನಿಮಗ ತಿಳಿದಿತ್ತಲ್ರಿ."

ಭತ್ತ ಹಬೆಯಾಡುತ್ತಿತ್ತು. ಕಣದಲ್ಲಿ ಒಂದು ಕಾಲೂ ಅಲುಗಲಿಲ್ಲ. ತುಳಸಿಕಟ್ಟೆಯ ಬಳಿ ಗಂಗಾಬಾಯಿಯ ಕಾಲೂ ನಿಂತಿತ್ತು.