ಎದುರಿನವರ ಪರವಾಗಿ

ಹೋದ ವರ್ಷ ಸಿಂದಗಿಯ ಆ ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕರ ಸಂಘಕ್ಕೂ ಆಡಳಿತ ಮಂಡಳಿಗೂ ಎಂಥ ಜಗಳ ಹತ್ತಿತ್ತೆಂದರೆ, ಗೇಟಿಗೆ ಬೀಗವೇ ಬಿದ್ದಿತ್ತು. ಈ ವರ್ಷದ ಕರಾರಾದರೂ ಹಾವು ಸಾಯದಂತೆ, ಕೋಲು ಮುರಿಯದಂತೆ ಆಗಲಿ ಎಂದು ವಿಜಯಪುರದಿಂದ ಸಂಜೀವಕುಮಾರ ಎಂಬ ಮಧ್ಯಸ್ಥನನ್ನು ಕರೆಸಿದರು. ಅವನು ಮೇಜು ತೆಗೆಸಿ ಜಮಖಾನೆ ಹಾಸಿಸಿ, ಎರಡೂ ಕಡೆಯವರನ್ನು ಕಲಸಿ ಕೂಡಿಸಿದ. "ಇವತ್ತು ನಿಮ್ಮ ಮಾತು ನೀವು ಆಡಂಗಿಲ್ರಿ. ಎದುರಿನವರ ಮಾತು ಆಡಬೇಕು," ಎಂದ.

"ಆಗ್ಲಿ. ಇಲ್ಲಿ ಏನು ಠರಾವಾಗ್ತೈತಿ, ಅದಕ್ಕ ನನ್ನ ರುಜು," ಎಂದು ಮಂಡಳಿಯ ಅಧ್ಯಕ್ಷ ಗುರಪ್ಪ ಎಲ್ಲರೆದುರು ಮಾತು ಕೊಟ್ಟರು.

ಹೀಗೆ ಸಂಘದ ಅಧ್ಯಕ್ಷೆ ರಾಜೇಶ್ವರಿ ಆಡಳಿತ ಮಂಡಳಿಯಾದಳು. ಜನ್ಮದಲ್ಲಿ ಕ್ಲಾಸಿನ ಕಡೆ ತಲೆ ಹಾಕದ ಗುರಪ್ಪ ಉಪನ್ಯಾಸಕರಾದರು. ರಾಜೇಶ್ವರಿಗೆ ಬೇಕಾಗಿದ್ದದ್ದು ಒಂದೇ: ಬಸುರಿ ವರದಾಗೆ ಹೆರಿಗೆ ರಜೆ ಸಿಗಬೇಕು, ತಿರುಗಿ ಬಂದಾಗ ಕೆಲಸವೂ ಇರಬೇಕು. ವರದಾ ಅವಳ ಹಳೆಯ ವಿದ್ಯಾರ್ಥಿನಿ, ಈಗ ಅಲ್ಲೇ ಕರಾರಿನ ಮೇಲೆ ಕಲಿಸುವವಳು. ಅವಳೂ ಗೋಡೆಗೊರಗಿ ಕೂತಿದ್ದಳು.

"ನಮ್ಮ ವರದಾಗ ರಜಾ ಕೊಡ್ರಿ," ಎಂದರು ಗುರಪ್ಪ, ಚುರಮುರಿ ಮೆಲ್ಲುತ್ತ. ಅವರ ವಾದ ಅಷ್ಟೇ.

ಆಟ ತಾನೇ, ಆಡೋಣ ಎಂದು ರಾಜೇಶ್ವರಿ ಗತ್ತಿನಿಂದ ಸೆರಗು ಸರಿಮಾಡಿಕೊಂಡಳು. "ಕೊಟ್ರ ಪಾಠ ಯಾರು ಮಾಡ್ತಾರ್ರಿ? ಪರೀಕ್ಷಾ ಬಂದಾಗ ಹುಡುಗೂರ ತಂದಿತಾಯಿಗೆ ಏನ್ ಹೇಳೂದು? ಇವತ್ತ ಈಕಿ, ನಾಳೆ ಇನ್ನೊಬ್ಬಾಕಿ. ಹೊಸದಾಗಿ ಮದಿವಿ ಆದಾಕಿನ್ನ ಕೆಲಸಕ್ಕ ತಗೊಳ್ಳೂ ಮುಂದನ ವಿಚಾರ ಮಾಡಬೇಕಿತ್ತು." ಮಾತು ನೀರು ಹರಿದ ಹಾಗೆ ಬಂತು. ಸಂಘದವರೂ ತಲೆದೂಗಿದರು, ಪುಣ್ಯಾತ್ಮರು!

"ಖರೇ ಐತ್ರಿ ಮೇಡಂ," ಎಂದು ಗುರಪ್ಪ ಕೈಯೊರೆಸಿಕೊಂಡರು. "ಉಪನ್ಯಾಸಕರು ಒಪ್ಪೇವಿ. ರಜಾ ಬ್ಯಾಡ."

ಚಪ್ಪಾಳೆ ಬಿತ್ತು. ರಾಜೇಶ್ವರಿ ಕಕ್ಕಾಬಿಕ್ಕಿಯಾದಳು. ಈಗ ಗೆದ್ದವರು ಯಾರು, ಸೋತವರು ಯಾರು? ಗೆದ್ದವಳು ತಾನೇ ಆದರೆ ವರದಾಳ ರಜೆ ಹೋದದ್ದು ಹೇಗೆ? ಆಮೇಲೆ ಥಟ್ಟನೆ ಹೊಳೆಯಿತು. ಈ ಆಟದಲ್ಲಿ ಮಂಡಳಿ ಎಂದರೆ ತಾನೇ ಅಲ್ಲವೇ!

"ತಡೀರಿ. ಮಂಡಳಿ ರಜಾ ಕೊಡ್ತೈತಿ, ಪಗಾರ ಸಹಿತ. ಕೆಲಸಾನೂ ಉಳಿಸ್ತೈತಿ."

"ಏ, ಬ್ಯಾಡ ಅಂದೇನಲ್ರಿ ನಾ!" ಎಂದರು ಗುರಪ್ಪ.

"ಕೊಟ್ಟ ರಜಾ ಬ್ಯಾಡ ಅನ್ನೋ ಮಾಸ್ತರನ್ನ ಎಲ್ಲಿ ನೋಡೀರಿ?" ಎಂದ ಸಂಜೀವಕುಮಾರ.

ಜಮಖಾನೆಯ ತುಂಬ ನಗು. ಕೊಟ್ಟ ಮಾತು ಕೊರಳಿಗೆ ಬಂದಿತ್ತು. ಗುರಪ್ಪನವರೂ ನಕ್ಕ ಹಾಗೆ ಮಾಡಿ ರುಜು ಹಾಕಿದರು.

ಹೊರಗೆ ವರದಾ ಮೊದಲು ಗುರಪ್ಪನವರಿಗೆ ಕೈಮುಗಿದಳು. ಆಮೇಲೆ ರಾಜೇಶ್ವರಿಯ ಹತ್ತಿರ ಬಂದಳು.

"ನಾ ಅಂದದ್ದೆಲ್ಲಾ ಆಟಕ್ಕ, ಯವ್ವಾ," ಎಂದಳು ರಾಜೇಶ್ವರಿ. "ಮಂಡಳಿಯವರು ಅನ್ನೂದನ್ನ ಅಂದೆ, ಅಷ್ಟ."

"ಹೌದ್ರಿ ಅಕ್ಕಾರ. ಆದ್ರ, ಹೊಸದಾಗಿ ಮದಿವಿ ಆದಾಕಿ ಅಂತ ಅಂದ್ರೆಲ್ಲ, ಅದನ್ನ ಮಂಡಳಿಯೊಳಗ ಯಾರು ಅಂದಿದ್ರು?"

ರಾಜೇಶ್ವರಿ ಒಬ್ಬೊಬ್ಬರನ್ನೇ ನೆನೆದು ನೋಡಿದಳು. ಯಾರೂ ಅಂದಿರಲಿಲ್ಲ.